ಸೊನ್ನೆ ಹಿಡಿದಾವ

ಟೇಪಿನ ಸೊನ್ನೆ ಯಾವಾಗಲೂ ನನ್ನ ಕೈಯಾಗ.
ಅಂಕಿ ಓದೋದು ಆ ತುದಿಯ ಕುಬಿಹಾಳ ಸಾಹೇಬರ ಕೆಲಸ,
ಬರಕೊಳ್ಳೋದು ಗುಮಾಸ್ತ ನೀಲಕಂಠನ ಕೆಲಸ,
ಹೆಬ್ಬಟ್ಟಿಲೆ ಸೊನ್ನೆ ಒತ್ತಿ, ತುದಿಗಾಲ ಮ್ಯಾಲೆ ಕೂತು
ಅಲುಗಾಡದಂಗ ಇರೋದು ನನ್ನದು.
ಹತ್ತೊಂಬತ್ತು ವರ್ಷ ಅಬಕಾರಿ ಇಲಾಖೆಯೊಳಗ
ಅಲುಗಿಲ್ಲ ನಾನು.

ಹಳೇ ಹುಬ್ಬಳ್ಳಿಯ ಚಾವಿ ಓಣಿ, ಮುಂಜಾನೆ ಹತ್ತು.
ಅಂಬಾಸಾನ ಹೊಸಾ ಬಾರಿನ ಹೊಸ್ತಿಲಕ್ಕ ಕೂತೆ.
ಒಳಗ ಇನ್ನೂ ಸಿಮೆಂಟಿನ ವಾಸನಿ,
ಕುರ್ಚಿಗೆ ಸುತ್ತಿದ ಪ್ಲಾಸ್ಟಿಕ್ ತೆಗದಿಲ್ಲ.
ನೂರೈವತ್ತು ಮೀಟರಿನ ಹಳದಿ ಟೇಪು ಹೊಂಟಿತು
ಸೈಕಲ್ ಅಂಗಡಿ ದಾಟಿ,
ಎಂಟು ದಿನಕ್ಕೊಮ್ಮೆ ಬರೋ ನೀರಿಗೆ
ಸಾಲು ಹಚ್ಚಿದ ಕೊಡಗೋಳ ನಡುವ ಹಾದು
ಹೆಣ್ಣುಮಕ್ಕಳ ಸಾಲಿ ಗೇಟಿಗೆ ಮುಟ್ಟಿತು.
"ತೊಂಬತ್ತಾರು," ಅಂದರು ಸಾಹೇಬರು,
ಯಾರೋ ತೀರಿಕೊಂಡ ಸುದ್ದಿ ಕೇಳಿದಂಗ ಸುಮ್ಮನಾದರು.

ನೂರು ಬೇಕಿತ್ತು.

ಅಂಬಾಸಾ ಜಗಳಾ ಮಾಡೋ ಮನಶ್ಯಾ ಅಲ್ಲ.
ಚಾ ತರಿಸಿದ. "ಸಾಹೇಬ್ರ, ಬಾಗಲಾ ಅಂದ್ರ ಯಾವ ಬಾಗಲಾ?"
ಅಂತ ಕೇಳಿದ, ಲೆಕ್ಕ ತಿಳೀದ ಹುಡುಗನಂಗ.
ಮರುವಾರ ಮುಂದಿನ ಬಾಗಲಕ್ಕ ಇಟ್ಟಂಗಿ ಬಿದ್ದಿತ್ತು.
ಹಿತ್ತಲ ಗ್ವಾಡಿ ಒಡದು ಹೊಸಾ ಚೌಕಟ್ಟು,
ಅದಕ್ಕ ಮಾವಿನ ತೋರಣ.
ಮತ್ತ ಕೂತೆ. ಮತ್ತ ಸೊನ್ನೆ ಒತ್ತಿದೆ.
ಈ ಸಲ ಟೇಪು ಹಿಂದಿನ ಸಂದಿ ಹಿಡೀತು,
ನನ್ನ ಮನಿ ಮುಂದಿನ ಸಂದಿ.

ಶಾವಂತ್ರಿ ಅಂಗಳಾ ಸಾರಿಸಿ ರಂಗೋಲಿ ಹಾಕಿದ್ದಳು,
ಇನ್ನೂ ಹಸಿ ಇತ್ತು ನೆಲಾ.
ಟೇಪಿನ ಗುಂಟ ಕಣ್ಣು ಹಾಯಿಸಿ
ತುದಿಗೆ ಕುಂತ ನನ್ನ ನೋಡಿದಳು.
ಏನೂ ಅನಲಿಲ್ಲ. ಬಕೀಟು ಒಂದೀಟು ಸರಿಸಿ ದಾರಿ ಬಿಟ್ಟಳು.
ಮುಂದ ಅದು ಸೊಟ್ಟಾಗಿ, ಹಂದಿ ಮಲಗಿದ ಗಟಾರ ಜಿಗಿದು,
ಎಲ್ಲೋ ಕಣ್ಣಿಗೆ ಕಾಣದಲ್ಲಿ ಸಾಲಿ ಮುಟ್ಟಿತು.
"ನೂರಾ ಏಳು!" ಕೂಗಿನಾಗ ಹಬ್ಬದ ಕಳೆ.

ದೊಡ್ಡ ಅಕ್ಕೋರು ಗೇಟಿಗೆ ಬಂದು ಕೇಳಿದರಂತ:
"ಹಾಡು ಹಚ್ಚತಾರಲ್ಲ,
ಅದೂ ಸಂದಿ ಸುತ್ತ ಹಾಕ್ಕೊಂಡು ಬರತೈತೇನ್ರೀ?"
ನೀಲಕಂಠ ಬರಕೊಳ್ಳಲಿಲ್ಲ. ಅದಕ್ಕ ಕಾಲಮ್ಮು ಇರಲಿಲ್ಲ.

ನಿಯಮದ ಪಟ್ಟಿ ನನಗ ಬಾಯಿಪಾಠ:
ಸಾಲಿ, ದವಾಖಾನಿ, ಗುಡಿ, ಮಸೂತಿ, ಚರ್ಚು.
ಮನಿ ಅಂತ ಇಲ್ಲ ಅದರಾಗ.
ಮನಿ ಎಲ್ಲಾ ಕಡೆ ಇರತಾವಲೇ,
ಅವನ್ನೂ ಹಿಡದ್ರ ಊರಾಗ ಬಾರ್ ಎಲ್ಲಿ ಇಡೂದು,
ಅಂತ ಸಾಹೇಬರು ಒಮ್ಮೆ ನಕ್ಕಿದ್ದರು.
ಖರೇ ಮಾತು. ನಾನೂ ನಕ್ಕಿದ್ದೆ.

ಈಗ ರಾತ್ರಿ ಹನ್ನೊಂದೂವರಿಗೆ ಶಟರ್ ಇಳೀತೈತಿ,
ಕೆಳಗ ಒಂದು ಗೇಣು ಬೆಳಕು ಬಿಟ್ಟು.
ತತ್ತಿ ಅನ್ನದ ಗಾಡಿ ಮಲ್ಲವ್ವ ನನ್ನ ಕಂಡಾಗೊಮ್ಮೆ
"ಬೆಂಗಳೂರಾಗ ಒಂದು ಗಂಟೇತನಕ ಐತಂತಲ್ಲೋ ಅಣ್ಣಾ,
ನಮಗ್ಯಾವಾಗ?" ಅಂತಾಳ.
ಒಂದು ತಾಸಂದ್ರ ಅಕಿಗೆ ಎರಡು ಟ್ರೇ ತತ್ತಿ,
ಮಗಳ ಡಿಪ್ಲೋಮಾದ ಫೀ.
ಅಕಿಗೆ ಏನು ಹೇಳಲಿ.
ಟಿಪ್ಸು ಬರೋದೇ ಹನ್ನೊಂದರ ಮ್ಯಾಲೆ ಅನ್ನೋ
ಸಪ್ಲಾಯರ್ ಯಂಕಪ್ಪಗ ಏನು ಹೇಳಲಿ.
ನಮ್ಮ ಗ್ವಾಡಿ ಹಿಡದು ಯಾರೋ ಕಾರಿಕೊಳ್ಳೋ ಸಪ್ಪಳಕ್ಕ
ಶಾವಂತ್ರಿ ಎದ್ದು ಕೂತು, ದೀಪಾ ಹಚ್ಚದ,
"ಏಳ್ರಿ, ನಿಮ್ಮ ಇಲಾಖೆ ಬಂದೈತಿ," ಅಂತಾಳ.

ನಾ ಏಳತೀನಿ. ಒಂದು ಚರಿಗಿ ನೀರು ಕೊಡತೀನಿ.
ಕುಡದು ಅವ ಕೈ ಮುಗೀತಾನ, ಎಲ್ಲರಿಗೂ ಮುಗಿಯೋ ಹೊತ್ತದು.

ಆ ದಿನಾ ಸಂಜಿಮುಂದ ಟೇಪು ಒದ್ದಿ ಅರಿವಿಲೆ ಒರಿಸಿದ್ದೆ.
ಗಟಾರದ ಕೆಸರು ಹೋತು.
ನಲವತ್ತೊಂದನೇ ಮೀಟರಿಗೆ ಹತ್ತಿದ ಬಿಳೇ ಪುಡಿ
ನೂಲಿನೊಳಗ ಇಳದಿತ್ತು, ಹೋಗಲಿಲ್ಲ.
ಪ್ರತಿ ಸಲ ಸುತ್ತುವಾಗ ಬೆರಳಿಗೆ ಸಿಗತೈತಿ.

ಇವತ್ತ ಗಿರಣಿ ಚಾಳಿನ ಕಡೆ ಮತ್ತೊಂದು ಅರ್ಜಿ.
ಆ ತುದಿಂದ ಸಾಹೇಬರು ಕೂಗತಾರ:
"ಸೊನ್ನೆ ಸರಿ ಐತೇನೋ?"
"ಐತ್ರೀ," ಅಂತೀನಿ.